ಹಲಗೆ ಒಪ್ಪಿಸುವ ದಿನ

ತಾನು ನಿವೃತ್ತನಾಗಲು ಒಪ್ಪಿಕೊಂಡದ್ದು ಯಾವ ಗಳಿಗೆಯಲ್ಲಿ ಎಂಬುದು ವೆಂಡೆಲಿನ್‌ಗೆ ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ. ಲಿಫ್ಟಿನ ಕುರ್ಚಿ ಗುಡ್ಡ ಏರುತ್ತಿತ್ತು. ಎಡಗಾಲಿಗೆ ಬಿಗಿದ ಸ್ನೋಬೋರ್ಡಿನ ಹಲಗೆ ಗಾಳಿಯಲ್ಲಿ ತೂಗುತ್ತಿತ್ತು. ತೊಡೆಯ ಮೇಲೊಂದು ಬಟ್ಟೆಯ ಚೀಲ, ಚೀಲದೊಳಗೆ ತಾತನ ಜಿಂಕೆಚರ್ಮದ ಚಡ್ಡಿ. ಶರತ್ಕಾಲದಲ್ಲಿ ಊರ ಅಗ್ನಿಶಾಮಕ ದಳದ ವಾರ್ಷಿಕ ಊಟ ನಡೆದಾಗ, ದಳದ ನಾಯಕ ಸೆವೆರಿನ್ ಎದುರು ಬೆಂಚಿನಿಂದ ಕೂಗಿ ಕೇಳಿದ್ದ: "ಏನಯ್ಯಾ, ಇನ್ನೂ ಜಾರ್ತಾನೇ ಇದೀಯಾ?" ಕೇಳುವಾಗ ವೆಂಡೆಲಿನ್‌ನ ಬಾಯಿ ತುಂಬ ಪಿತ್ತಜನಕಾಂಗದ ಉಂಡೆ. "ನೋಡೋಣ, ಈ ಚಳಿಗಾಲ ಒಂದು..." ಎಂದದ್ದು ನೆನಪಿದೆ. ಆ ವಾಕ್ಯಕ್ಕೆ ಇನ್ನೊಂದು ತುದಿಯೂ ಇತ್ತು. ಆದರೆ ಉಂಡೆ ನುಂಗಿ ಅದನ್ನು ಹೇಳುವಷ್ಟರಲ್ಲಿ ಮೇಯರ್ ಓಟ್ಮಾರ್ ಎದ್ದು ನಿಂತು, ನಮ್ಮ ಹುಡುಗನ ಕೊನೆಯ ಚಳಿಗಾಲ, ಅದೂ ಈ ಸಲ ಪಂದ್ಯ ನಮ್ಮ ಗುಡ್ಡದಲ್ಲೇ, ಬೀಳ್ಕೊಡುಗೆ ಸಮಿತಿ ಆಗಲೇಬೇಕು ಎಂದು ಲೋಟ ಎತ್ತಿಬಿಟ್ಟಿದ್ದ. ಮೂವತ್ತೆಂಟು ವರ್ಷದ ಗಂಡಸನ್ನು 'ನಮ್ಮ ಹುಡುಗ' ಎನ್ನುವುದು ಅವನನ್ನು ಮುದುಕನನ್ನಾಗಿ ಮಾಡುವ ಮೊದಲ ಹಂತವೆಂದು ವೆಂಡೆಲಿನ್‌ಗೆ ಆಗ ತಿಳಿದಿರಲಿಲ್ಲ. ಎಲ್ಲರೂ ಲೋಟ ಎತ್ತಿದರು. ಎಲ್ಲರೂ ಎತ್ತಿದ್ದರಿಂದ ಅವನೂ ಎತ್ತಿದ. ಬಹುಶಃ ಅದೇ ಗಳಿಗೆ ಇರಬೇಕು.

"ಕೊನೇದಾಗಿ ಒಂದ್ಸಲ ಆ ಚಡ್ಡಿ ತೋರ್ಸು ನೋಡೋಣ," ಎಂದ ಪಕ್ಕದಲ್ಲಿ ಕುಳಿತ ಯೆರ್ನೇಯ್. ಗಡಿಯಾಚೆಯ ಸ್ಲೊವೇನಿಯಾದವನು, ವೆಂಡೆಲಿನ್‌ಗಿಂತ ಮೂರು ವರ್ಷ ದೊಡ್ಡವನು, ಇಪ್ಪತ್ತು ಚಳಿಗಾಲಗಳಿಂದ ಪಕ್ಕದ ದಾರಿಯಲ್ಲೇ ಇಳಿಯುತ್ತ ಬಂದವನು. ಬೆಳಗಿನ ಮೊದಲ ಇಳಿತದಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದವನು ಅವನೇ. ವೆಂಡೆಲಿನ್ ಇಪ್ಪತ್ತೆಂಟನೆಯವನು. ಎರಡು ಇಳಿತಗಳ ಹೊತ್ತು ಕೂಡಿಸಿ ಮೊದಲ ಹದಿನಾರು ಜನರನ್ನು ಮಾತ್ರ ಮಧ್ಯಾಹ್ನದ, ಇಬ್ಬಿಬ್ಬರು ಪಕ್ಕಪಕ್ಕದಲ್ಲಿ ಇಳಿದು ಸೋತವನು ಹೊರಬೀಳುವ ಜೋಡಿ ಓಟಕ್ಕೆ ಕರೆಯುತ್ತಾರೆ. ಇಪ್ಪತ್ತೆಂಟನೆಯವನು ಚಡ್ಡಿ ಬದಲಿಸಬಹುದು. ಈ ಬೆಟ್ಟಗಳಲ್ಲಿ ಅದು ನಡೆದು ಬಂದ ಪದ್ಧತಿ. ಆಟ ಬಿಡುವವನು ಕೊನೆಯ ಇಳಿತಕ್ಕೆ ಬಿಗಿಯುಡುಪು ಕಳಚಿ ತಾತನ ಕಾಲದ ವೇಷ ಹಾಕುತ್ತಾನೆ, ಅರ್ಧ ದಾರಿಯಲ್ಲಿ ನಿಂತು ಗೆಳೆಯರ ಕೈಯಿಂದ ಒಂದು ಲೋಟ ಪೇರ್ ಹಣ್ಣಿನ ಸಾರಾಯಿ ಕುಡಿಯುತ್ತಾನೆ, ಕೆಳಗೆ ಬಂದು ಅಳುತ್ತಾನೆ. ಎಷ್ಟೋ ಜನ ಹಾಗೆ ಅತ್ತದ್ದನ್ನು ವೆಂಡೆಲಿನ್ ನೋಡಿ ಚಪ್ಪಾಳೆ ತಟ್ಟಿದ್ದ. ತಟ್ಟುವಾಗ ಒಳಗೊಳಗೇ, ಸದ್ಯ ಒಬ್ಬ ಕಡಿಮೆಯಾದ ಎಂದು ಲೆಕ್ಕ ಹಾಕಿದ್ದ. ಇಂದು ತನಗೆ ತಟ್ಟುವವರ ಒಳಗೂ ಅದೇ ಲೆಕ್ಕ ಓಡುತ್ತದೆಂದು ಈಗ ಹೊಳೆದು ಕಿವಿ ಬೆಚ್ಚಗಾಯಿತು.

"ನೀನ್ಯಾಕೆ ನಿಲ್ಸಿಲ್ಲ?" ಎಂದು ಕೇಳಿದ.

"ನಾನಾ? ನಾನು ಪ್ರತಿ ಮಾರ್ಚಲ್ಲೂ ನಿಲ್ಸ್ತೀನಿ ಮಾರಾಯ. ಯಾರಿಗೂ ಹೇಳಲ್ಲ ಅಷ್ಟೇ. ಹೆಂಡ್ತಿಗೂ ಹೇಳಲ್ಲ. ಅಕ್ಟೋಬರ್ ಬರ್ತಿದ್ದಂಗೆ ಮತ್ತೆ ಶುರು ಮಾಡ್ತೀನಿ, ಅದನ್ನೂ ಹೇಳಲ್ಲ. ನೀನು ಊರೂರಿಗೆ ಡಂಗುರ ಹೊಡೆಸ್ಕೊಂಡೆ. ಸಮಿತಿ ಮಾಡಿದ್ಮೇಲೆ ಮುಗೀತು. ಸಮಿತಿ ಮುಂದೆ ದೇವ್ರೂ ನಿಲ್ಲಲ್ಲ."

ಸಮಿತಿ ಮುಂದೆ ಯಾರೂ ನಿಂತಿರಲಿಲ್ಲ. ಒಂದು ಮಧ್ಯಾಹ್ನ ಸೆವೆರಿನ್ ಅಳತೆಪಟ್ಟಿ ಹಿಡಿದು ಕೊಟ್ಟಿಗೆಗೇ ಬಂದಿದ್ದ. ಹಲಗೆ ಎಲ್ಲಿ ಎಂದು ಕೇಳಿ, ಗೋಡೆಗೆ ಒರಗಿಸಿದ್ದ ಅದರ ತಲೆಯಿಂದ ಬಾಲದವರೆಗೆ, ಹೆಗಲಿನ ಅಗಲ, ನಡುವಿನ ಅಗಲ ಎಲ್ಲ ಅಳೆದುಕೊಂಡ. ಹೆಣದ ಪೆಟ್ಟಿಗೆ ಮಾಡುವ ಬಡಗಿ ಅಳೆಯುವ ಹಾಗೆ ಮೆತ್ತಗೆ, ಮರ್ಯಾದೆಯಿಂದ. ಬೀಳ್ಕೊಡುಗೆ ಮುಗಿದ ಮೇಲೆ ಹಲಗೆಯನ್ನು ಎಲ್ಲರೆದುರು ಮೇಯರ್ ಕೈಗೆ ಒಪ್ಪಿಸಬೇಕು. ಅಗ್ನಿಶಾಮಕ ದಳದ ಮನೆಯಲ್ಲಿ ಹಳೆಯ ಕೈಪಂಪಿನ ಮೇಲುಗಡೆ ಅದನ್ನು ತೂಗುಹಾಕಲು ಎರಡು ಕೊಂಡಿ ಹೊಡೆಯುತ್ತಾರೆ. "ತಲೆಮಾರು ತಲೆಮಾರು ನೋಡ್ತಾವೆ ಕಣೋ," ಎಂದಿದ್ದ ಸೆವೆರಿನ್. ಆ ಮನೆಯಲ್ಲಿ ಈಗಾಗಲೇ ತೂಗುಹಾಕಿದ್ದು ಒಂದು ಕಾಡುಹಂದಿಯ ತಲೆ. ಅದನ್ನು ಯಾವ ತಲೆಮಾರೂ ನೋಡಿದ್ದನ್ನು ವೆಂಡೆಲಿನ್ ಕಂಡಿರಲಿಲ್ಲ. ಆದರೂ ಅಳೆಯುವಾಗ ಹಲಗೆ ಅಲುಗಾಡದಂತೆ ಹಿಡಿದು ನಿಂತವನು ತಾನೇ. ಸೆವೆರಿನ್ ಹೋದ ಮೇಲೆ ಬುರ್ಗಿ, ಅವನ ಹೆಂಡತಿ, ಹಾಲಿನ ಕೊಡ ತಿಕ್ಕುತ್ತಿದ್ದವಳು ತಲೆ ಎತ್ತದೆ ಕೇಳಿದ್ದಳು: "ನಿಲ್ಲಿಸ್ತೀನಿ ಅಂತ ನೀನು ಹೇಳಿದ್ಯೋ, ಅವ್ರು ಹೇಳಿದ್ರೋ?"

"ಎಲ್ಲರೂ ಸೇರಿ ಹೇಳಿದ್ವಿ."

"ಹಾಂ," ಎಂದಿದ್ದಳು ಬುರ್ಗಿ.

ಆ 'ಹಾಂ' ಅವನನ್ನು ಡಿಸೆಂಬರ್ ಇಡೀ ಕಾಡಿತ್ತು. ನಿಲ್ಲಿಸು ಎಂದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ನಿಲ್ಲಿಸಬೇಡ ಎಂದಿದ್ದರೆ ಸಮಿತಿಗೆ ಹೋಗಿ, ನಮ್ಮವಳು ಒಪ್ಪುತ್ತಿಲ್ಲ ನೋಡಿ ಎನ್ನಬಹುದಿತ್ತು. ಅವಳು ಎರಡನ್ನೂ ಹೇಳದೆ, ಅವನು ಇಲ್ಲದ ಚಳಿಗಾಲಗಳಲ್ಲೆಲ್ಲ ಮಾಡಿದಂತೆ ಹನ್ನೊಂದು ಹಸುಗಳ ಹಾಲು ಕರೆದಳು. ಅವನ ಅಪ್ಪನೂ ಹೀಗೆಯೇ ಕಡಿಮೆ ಮಾತಿನ ಮನುಷ್ಯ. ಮಗ ಮೊದಲ ಸಲ ಸ್ನೋಬೋರ್ಡು ಹೊತ್ತು ಅಂಗಳಕ್ಕೆ ಬಂದಾಗ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ನೊಂದೆಲ್ಲಿ?" ಎಂದು ಕೇಳಿದ್ದ. ತಮಾಷೆಗಲ್ಲ. ಎರಡು ಸ್ಕೀಗಳ ಮೇಲೆ ಶಾಲೆಗೆ, ಚರ್ಚಿಗೆ, ಹೆಣದ ಮೆರವಣಿಗೆಗೂ ಹೋಗಿ ಬಂದ ಊರು ಅದು. ಒಂದೇ ಹಲಗೆಯ ಮೇಲೆ ಅಡ್ಡಡ್ಡ ನಿಂತು ಇಳಿಯುವವನನ್ನು ಕಂಡರೆ ಅರ್ಧ ಸಾಮಾನು ಕಳೆದುಕೊಂಡವನ ಮೇಲಿನ ಕನಿಕರ. ಎರಡು ಸಲ ವಿಶ್ವಕಪ್ ಪಂದ್ಯ ಗೆದ್ದು ಬಂದಾಗಲೂ ಬೇಕರಿಯ ಮುದುಕಿ, "ಸ್ಕೀ ಆಡಿದ್ರೆ ಇನ್ನೂ ಮುಂದೆ ಬರ್ತಿದ್ದೆ ನೀನು," ಎಂದು ಸಮಾಧಾನ ಹೇಳಿ ಒಂದು ಬನ್ನು ಹೆಚ್ಚಿಗೆ ಕೊಟ್ಟಿದ್ದಳು. ಅವರು ಈಗ ತನ್ನನ್ನು ಇಷ್ಟು ಪ್ರೀತಿಯಿಂದ ಬೀಳ್ಕೊಡುತ್ತಿರುವುದು, ಕೊನೆಗೂ ಇವನಿಗೆ ಬುದ್ಧಿ ಬಂತು ಎಂಬ ಸಂತೋಷಕ್ಕಿರಬಹುದೇ ಎಂದು ಅವನಿಗೆ ಅನುಮಾನ.

ಮೇಲಿನ ಗುಡಿಸಲಿನಲ್ಲಿ ಚಡ್ಡಿ ಹಾಕಿಕೊಂಡ. ಮೂರು ತಲೆಮಾರು ಕೂತು ಕೂತು ಕನ್ನಡಿಯಾಗಿದ್ದ ಚರ್ಮ ಐಸಿನಂತೆ ತಣ್ಣಗಿತ್ತು. ತಾತನ ಸೊಂಟ ತನ್ನದಕ್ಕಿಂತ ಸಣ್ಣದು. ಮಂಡಿಯ ಕೆಳಗೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಗಟ್ಟಿ ಬೂಟು, ಎದೆಗೆ ಸಂಖ್ಯೆಯ ಬಟ್ಟೆ, ತಲೆಗೆ ಹೆಲ್ಮೆಟ್. ಉಳಿದ ಸ್ಪರ್ಧಿಗಳು ಬೆನ್ನು ತಟ್ಟಿದರು, ಫೋಟೋ ಹಿಡಿದರು. ಅವರಲ್ಲಿ ಅರ್ಧ ಜನಕ್ಕೆ ತಾನು ಮೊದಲ ಪಂದ್ಯ ಗೆದ್ದಾಗ ಹಾಲುಹಲ್ಲೂ ಬಿದ್ದಿರಲಿಲ್ಲ. ಸರದಿ ಬಂತು. ಆರಂಭದ ಎರಡು ಹಿಡಿಗಳನ್ನು ಹಿಡಿದು ಬಗ್ಗಿದ. ಅರ್ಧ ದಾರಿಯಲ್ಲಿ ಸೆವೆರಿನ್ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು, ದಳದ ಕೆಂಪು ಟೋಪಿ ಹಾಕಿ ನಿಂತಿರುವುದು ಇಲ್ಲಿಗೇ ಕಾಣುತ್ತಿತ್ತು. ಮೆಲ್ಲಗೆ ಹೋಗಬೇಕು, ಕೈ ಬೀಸಬೇಕು, ನಿಲ್ಲಬೇಕು, ಕುಡಿಯಬೇಕು, ಕೆಳಗೆ ಹೋಗಿ ಅಳಬೇಕು. ಅಳು ಬರದಿದ್ದರೆ? ಓಟ್ಮಾರ್ ಭಾಷಣ ಮಾಡುವಾಗ ಬರಬಹುದು. ಗೇಟು ಟಪ್ಪೆಂದು ತೆರೆದುಕೊಂಡಿತು.

ಸುತ್ತಿ ಸುತ್ತಿ ಇಳಿಯಬೇಕಾದ ಕಂಬಗಳಲ್ಲಿ ಮೊದಲನೆಯದರವರೆಗೆ ಅವನು ಬೀಳ್ಕೊಡುಗೆಯವನಾಗಿಯೇ ಇದ್ದ. ಎರಡನೆಯದರಲ್ಲಿ ಹಲಗೆಯ ಅಂಚು ಹಿಮಕ್ಕೆ ಕಚ್ಚಿತು, ಬಹಳ ದಿನದ ಮೇಲೆ ಸರಿಯಾಗಿ ಕಚ್ಚಿತು. ಬೆಳಗಿನ ಬಿಸಿಲಿಗೆ ಮೆತ್ತಗಾಗಿ ತನಗಿಂತ ಮೊದಲು ಇಳಿದ ಹಲವರನ್ನು ಬೀಳಿಸಿದ್ದ ಹಿಮ, ಮೋಡ ಕವಿದ ಈ ಹೊತ್ತಿಗೆ ಮತ್ತೆ ಗಟ್ಟಿಯಾಗಿತ್ತು. ಅದನ್ನು ಅವನ ತಲೆ ಗಮನಿಸುವ ಮೊದಲೇ ಮಂಡಿ ಗಮನಿಸಿತ್ತು. ಹಿಮ್ಮಡಿ, ಕಾಲ್ಬೆರಳು, ಹಿಮ್ಮಡಿ, ಕಾಲ್ಬೆರಳು. ಇಪ್ಪತ್ತು ವರ್ಷ ಪ್ರತಿ ತಿರುವಿನಲ್ಲೂ ಅವನ ಜೊತೆ ಇಳಿಯುತ್ತಿದ್ದ ಒಂದು ಧ್ವನಿ, ಗೆಲ್ಲಬೇಕು, ಬೀಳಬಾರದು, ತರಬೇತುದಾರ ಏನೆಂದಾನು, ಮೊಣಕಾಲು ಏನೆಂದೀತು ಎನ್ನುವ ಧ್ವನಿ, ಇವತ್ತು ರಜೆ ಹಾಕಿತ್ತು. ಕೆಂಪು ಟೋಪಿಯೊಂದು ಬಲಗಡೆ ದೊಡ್ಡದಾಯಿತು. "ಏಯ್! ಏಯ್ ವೆಂಡ್ಲ್! ನಿಲ್ಲೋ, ಲೋಟ!" ಎಂಬ ಕೂಗು ಹಿಂದಕ್ಕೆ ಹೋಯಿತು. ಗಾಜು ಒಡೆದ ಸದ್ದೂ ಬಂದಂತಾಯಿತು. ನಿಲ್ಲುವುದು ಮರೆತುಹೋಯಿತು ಎಂದು ಅವನು ಆಮೇಲೆ ಎಲ್ಲರಿಗೂ ಹೇಳಿದ. ಅದು ನಿಜವೂ ಆಗಿತ್ತು, ನಿಜವಲ್ಲದ್ದೂ ಆಗಿತ್ತು.

ಕೆಳಗೆ ನಿಂತು ಹಲಗೆಯಿಂದ ಒಂದು ಕಾಲು ಬಿಡಿಸಿದಾಗ ಊರಿನವರು ಹಸುವಿನ ಗಂಟೆಗಳನ್ನು ಬಾರಿಸಿದರು. ವಾದ್ಯತಂಡ ತುತ್ತೂರಿ ತುಟಿಗೆ ಹಚ್ಚಿತು. ಓಟ್ಮಾರ್ ಕೋಟಿನ ಜೇಬಿನಿಂದ ಭಾಷಣ ತೆಗೆದ. ಆಗ ದೊಡ್ಡ ಪರದೆಯ ಮೇಲೆ ಹೆಸರುಗಳು ಬಂದವು. ಹದಿನಾರನೆಯ ಸಾಲಿನಲ್ಲಿ ಅವನ ಹೆಸರು. ವಾದ್ಯದವರು ಊದಿದ ಒಂದೇ ಸ್ವರ ಅರ್ಧಕ್ಕೆ ಜಾರಿ ನಿಂತಿತು.

"ಏನರ್ಥ ಅದು?" ಎಂದ ಓಟ್ಮಾರ್.

"ಅಂದ್ರೆ... ಮಧ್ಯಾಹ್ನ ನಾನು ಆಡ್ಬೇಕು."

"ಮಧ್ಯಾಹ್ನ ನಿನಗೆ ಸನ್ಮಾನ ಅಲ್ವೇನೋ?"

"ಗೊತ್ತು."

"ಸಾರು ಬಿಸಿ ಮಾಡೋಕೆ ಹೇಳ್ಬಿಟ್ಟಿದೀನಿ!"

ಸಾರಿನ ಹಂಡೆಯ ಪಕ್ಕದಲ್ಲಿ ಬುರ್ಗಿ ನಿಂತಿದ್ದಳು. ಅವನು ಅತ್ತ ನೋಡಲಿಲ್ಲ. ನೋಡದಿದ್ದುದು ಅವಳಿಗೆ ಗೊತ್ತಾಗಿದೆ ಎಂಬುದು ಗೊತ್ತಾಯಿತು. ಕುಂಟುತ್ತ ಬಂದ ಸೆವೆರಿನ್‌ನ ಅಂಗಿಯೆಲ್ಲ ಪೇರ್ ಹಣ್ಣಿನ ವಾಸನೆ. "ಇಪ್ಪತ್ತು ವರ್ಷ ನಿಧಾನಕ್ಕೆ ಇಳ್ದು, ಇವತ್ತೇ ಓಡ್ಬೇಕಿತ್ತಾ ನೀನು?" ಎಂದ. ಇನ್ನೊಂದು ದೇಶದ ತಂಡದವನೊಬ್ಬ ತೀರ್ಪುಗಾರರ ಬಳಿ ಹೋಗಿ, ಚರ್ಮದ ಚಡ್ಡಿ ನಿಯಮಕ್ಕೆ ವಿರುದ್ಧ ಎಂದು ದೂರಿದ. ತೀರ್ಪುಗಾರರು ಮೂವರು ವೆಂಡೆಲಿನ್‌ನನ್ನು ಸುತ್ತುವರಿದು ಚಡ್ಡಿಯನ್ನು ಮುಟ್ಟಿ ನೋಡಿದರು. ಅವರಲ್ಲಿ ಹಿರಿಯ ಬಹಳ ಗಂಭೀರವಾಗಿ, "ಇದರಿಂದ ನಿಮಗೆ ಏನಾದ್ರೂ ಅನುಕೂಲ ಆಗಿದ್ಯಾ?" ಎಂದು ಕೇಳಿದ. ಜೀವನದಲ್ಲಿ ಯಾರೂ ಅವನನ್ನು ಇಷ್ಟು ಸೂಕ್ಷ್ಮವಾದ ಪ್ರಶ್ನೆ ಕೇಳಿರಲಿಲ್ಲ. ಆಗಿದೆ ಎನ್ನಬೇಕೆನಿಸಿತು. "ತುರಿಕೆ ಆಗಿದೆ," ಎಂದ. ಅವರು ತಮ್ಮ ತಮ್ಮಲ್ಲೇ ಗುಸುಗುಸು ಮಾತಾಡಿ, ಅನುಕೂಲ ಸಾಬೀತಾಗಿಲ್ಲ, ಆಡಬಹುದು ಎಂದರು. ಬದಲಿಸಲು ಹೊತ್ತಿರಲಿಲ್ಲ, ಬಿಗಿಯುಡುಪು ಮೇಲಿನ ಗುಡಿಸಲಿನಲ್ಲೇ ಇತ್ತು. ಹೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಮೇಲೆ ಹೋದಾಗ ಅದು ಕಣ್ಣೆದುರಿನ ಗೂಟದಲ್ಲಿ ತೂಗುತ್ತಿದ್ದರೂ ಅವನು ಅದರತ್ತ ಕೈ ಚಾಚಲಿಲ್ಲ. ಅದನ್ನು ಹಾಕಿಕೊಂಡರೆ ಆ ಧ್ವನಿಯೂ ರಜೆ ಮುಗಿಸಿ ಬಂದೀತೆಂಬ ಹೆದರಿಕೆ.

ಹದಿನಾರನೆಯವನು ಮೊದಲನೆಯವನ ಎದುರು ಇಳಿಯಬೇಕು. ಮೊದಲನೆಯವನು ಯೆರ್ನೇಯ್. ಯಾವ ದಾರಿ ಬೇಕೆಂದು ಆರಿಸುವ ಹಕ್ಕು ಮುಂದೆ ಬಂದವನದು. ಬೆಳಗಿನಿಂದ ನೀಲಿ ದಾರಿಯೇ ವೇಗವೆಂದು ಗುಡ್ಡದ ಮೇಲಿದ್ದವರಿಗೆಲ್ಲ ಗೊತ್ತಿತ್ತು. ಯೆರ್ನೇಯ್ ನೀಲಿಗೆ ನಿಂತು, ಕೆಂಪು ದಾರಿಯ ಬಾಗಿಲಲ್ಲಿ ಬಗ್ಗಿದವನತ್ತ ಕತ್ತು ಹೊರಳಿಸಿದ. "ವೆಂಡ್ಲ್, ಹಿಂದ್ಗಡೆ ಹೊಲಿಗೆ ಬಿಟ್ಟಿದೆ ನೋಡು," ಎಂದ. ಸುಳ್ಳಿರಬಹುದು, ನಿಜವೂ ಇರಬಹುದು. ಬಾಗಿಲು ತೆರೆಯಿತು. ಕೆಳಗಿನವರೆಗೂ ಅವನಿಗೆ ತನ್ನ ಹಲಗೆಯ ಕರ್ರೆನ್ನುವ ಸದ್ದು, ಪಕ್ಕದಲ್ಲಿ ಇನ್ನೊಂದರ ಸದ್ದು, ಹಿಂದುಗಡೆ ಒಂದು ಕಡೆ ವಿಪರೀತ ತಣ್ಣಗಿನ ಗಾಳಿ. ಕೊನೆಯ ಕಂಬಗಳ ಹೊತ್ತಿಗೆ ಪಕ್ಕದ ಸದ್ದು ನಿಂತುಹೋಗಿತ್ತು. ತಿರುಗಿ ನೋಡಿದರೆ ಯೆರ್ನೇಯ್ ಹಿಮದಲ್ಲಿ ಅಂಗಾತ ಬಿದ್ದು ಹೊಟ್ಟೆ ಹಿಡಿದು ಅಲುಗುತ್ತಿದ್ದ. ಪೆಟ್ಟಾಯಿತೇನೋ ಎಂದು ಓಡಿದವರಿಗೆ ಅವನು ನಗುತ್ತಿರುವುದು ಕಂಡಿತು.

"ನಿಜವಾಗ್ಲೂ ಹೊಲಿಗೆ ಬಿಟ್ಟಿತ್ತು ಮಾರಾಯ! ನೀನು ಮುಂದೆ ಹೋದೆ, ನಾನು ನೋಡ್ದೆ, ನನ್ ಕೈಲಾಗ್ಲಿಲ್ಲ."

"ಮುಂದೆ ಹೋದೆ ಅಂದ್ಯಲ್ಲ. ನೀನು ಬೀಳೋಕೆ ಮೊದ್ಲೇ ಮುಂದಿದ್ನಾ ನಾನು?"

ಯೆರ್ನೇಯ್ ಕಣ್ಣೊರೆಸಿಕೊಂಡು ಅವನನ್ನು ನೋಡಿದ. ನಗು ಹೋಗಿತ್ತು. "ಹಿಂದಿದ್ದಿದ್ರೆ ನನಗೆ ನಿನ್ನ ಹಿಂಭಾಗ ಕಾಣ್ತಿತ್ತೇನೋ, ದಡ್ಡ?"

ಈ ಮಾತನ್ನು ವೆಂಡೆಲಿನ್ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತೆ ಚೀಪುತ್ತ ನಿಂತ. ಆದರೆ ಬೇಲಿಯಾಚೆ ಊರು ಸಂತೋಷವಾಗಿರಲಿಲ್ಲ. ಗಂಟೆ ಬಾರಿಸಿದರು ನಿಜ. ಕೈ ಮರಗಟ್ಟಿದವರು ಬಾರಿಸುವ ಗಂಟೆ. ತುತ್ತೂರಿಗಳ ಗುಂಡಿಗಳು ಹೆಪ್ಪುಗಟ್ಟಿ, ವಾದ್ಯದವರು ಅವನ್ನು ಕೋಟಿನೊಳಗೆ ಹಸುಗೂಸಿನಂತೆ ಅವುಚಿಕೊಂಡಿದ್ದರು. ಬೇಕರಿಯ ಮುದುಕಿಯನ್ನು ಸಾರಿನ ಹಂಡೆಗೆ ಒರಗಿಸಿ ನಿಲ್ಲಿಸಿದ್ದರು. "ಇನ್ನೆಷ್ಟು ಗೆಲ್ಬೇಕು ಇವ್ನು?" ಎಂದು ಯಾರೋ ಕೇಳಿದರು. "ಮೂರು." "ಅಯ್ಯೋ ದೇವರೇ. ಹಾಲು ಕರೆಯೋ ಹೊತ್ತಾಗತ್ತೆ." ಓಟ್ಮಾರ್ ಬೇಲಿಯ ಮೇಲಿಂದ ಬಾಗಿ, ಯಾರಿಗೂ ಕೇಳದಂತೆ ಹೇಳಿದ: "ನೋಡಪ್ಪಾ, ಗೆಲ್ಬೇಡ ಅಂತ ನಾನು ಹೇಳಲ್ಲ. ಮೇಯರ್ ಆಗಿ ಹಂಗೆ ಹೇಳೋಕಾಗಲ್ಲ. ಜನ ಬೆಳಗ್ಗಿಂದ ನಿಂತಿದಾರೆ, ಅಷ್ಟು ಮಾತ್ರ ಹೇಳ್ತೀನಿ." ವೆಂಡೆಲಿನ್‌ಗೆ ಪಾಪಪ್ರಜ್ಞೆ ಸುಟ್ಟಿತು. ತನ್ನ ಪ್ರೀತಿಗೆಂದು ಬಂದವರು ಕಾಲು ಬಡಿಯುತ್ತ ನಿಂತಿದ್ದಾರೆ, ತಾನೊಬ್ಬ ಗೆಲ್ಲುತ್ತಿದ್ದಾನೆ. ಎಷ್ಟು ಕೀಳು. ಲಿಫ್ಟಿನ ಕುರ್ಚಿಯಲ್ಲಿ ಒಬ್ಬನೇ ಏರುತ್ತ, ಸೋತುಬಿಡುವುದೇ ಸಭ್ಯತೆ ಎಂದು ತೀರ್ಮಾನಿಸಿದ. ತೀರ್ಮಾನ ಮೇಲಿನ ಗುಡಿಸಲು ತಲುಪುವವರೆಗೆ ಗಟ್ಟಿಯಾಗಿಯೇ ಇತ್ತು. ಹಿಡಿಗಳನ್ನು ಹಿಡಿದೊಡನೆ ಕೈಗಳು ಅವನನ್ನು ಕೇಳಲಿಲ್ಲ.

ಈ ಸಲ ಎದುರಾಳಿ ಒಬ್ಬ ಸ್ವಿಸ್ ಹುಡುಗ, ಬಹಳ ಉದ್ದ, ಬಹಳ ವಿನಯ. ಇಬ್ಬರೂ ಒಂದೇ ಗೆರೆಯಲ್ಲಿ ಇಳಿದು ಬಂದರು. ಕೊನೆಯ ಕಂಬದ ಬಳಿಕ ಇಬ್ಬರೂ ಗುರಿಯ ಗೆರೆಯತ್ತ ಕೈ ಚಾಚಿ ಮುಂದಕ್ಕೆ ಬಿದ್ದರು. ದೇಹದ ಯಾವ ಭಾಗ ಮೊದಲು ಗೆರೆ ದಾಟಿದರೂ ಲೆಕ್ಕವೇ. ಮೊಗುಚಿ ಬಿದ್ದಲ್ಲಿಂದ ತಲೆ ಎತ್ತಿದಾಗ ಪರದೆಯ ಮೇಲೆ ಚಿತ್ರ ಬಂತು: ಎರಡು ಕೈಗಳು, ಒಂದು ಇನ್ನೊಂದಕ್ಕಿಂತ ಬೆರಳಿನಷ್ಟು ಮುಂದೆ. ಹುಡುಗನ ಉದ್ದನೆಯದು.

ಸೋತ. ಆಗ ಅವನ ಬೆನ್ನ ಹಿಂದೆ ಗುಡ್ಡವೇ ಕುಸಿದಂತೆ ಸದ್ದೆದ್ದಿತು. ಗಂಟೆ, ಡೋಲು, ಕೇಕೆ, ಟೋಪಿಗಳು ಗಾಳಿಗೆ, ಬೆಚ್ಚಗಾದ ತುತ್ತೂರಿಗಳು ಒಟ್ಟಿಗೆ. ಪಂದ್ಯ ಗೆದ್ದ ದಿನವೂ, ಮದುವೆಯ ದಿನವೂ ಅವನಿಗಾಗಿ ಯಾರೂ ಇಷ್ಟು ಹೃದಯ ತುಂಬಿ ಕೂಗಿರಲಿಲ್ಲ. ಸ್ವಿಸ್ ಹುಡುಗ ಗಾಬರಿಯಾಗಿ, "ಇವ್ರೆಲ್ಲ ನನ್ನ ಕಡೆಯವ್ರಾ?" ಎಂದು ಕೇಳಿದ.

"ಇಲ್ಲಪ್ಪಾ, ನನ್ನ ಕಡೆಯವ್ರೇ," ಎಂದ ವೆಂಡೆಲಿನ್.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ದಳದ ನಾಲ್ವರು ಅವನನ್ನು ಹೆಗಲಿಗೇರಿಸಿ ಸಾರಿನ ಹಂಡೆಯ ಬಳಿ ಇಳಿಸಿದರು. ಓಟ್ಮಾರ್ ಭಾಷಣ ಬಿಚ್ಚಿದ. ಅದನ್ನು ಶರತ್ಕಾಲದಲ್ಲೇ ಬರೆದಿಟ್ಟಿದ್ದನಾದ್ದರಿಂದ, ವಯಸ್ಸು ಕಾಲುಗಳಿಗೆ ಹೇಳುವ ಸತ್ಯವನ್ನು ವಿನಮ್ರವಾಗಿ ಕೇಳಿಸಿಕೊಂಡ ವೀರ ಎಂಬ ಮಾತು ಅದರಲ್ಲಿತ್ತು. ವೀರ ಚಡ್ಡಿಯ ಬಿಟ್ಟ ಹೊಲಿಗೆಯನ್ನು ಹೆಲ್ಮೆಟ್ಟಿನಿಂದ ಮುಚ್ಚಿಕೊಂಡು ನಿಂತು ಕೇಳಿದ. ತನ್ನ ಕಾಲುಗಳು ತನಗೆ ಇವತ್ತು ಬೇರೆ ಏನನ್ನೋ ಹೇಳಿದ್ದವು. ಈ ಜನರಿಗೆ ಅದನ್ನು ಹೇಗೆ ಹೇಳುವುದು? ಇವರ ಮೂಗುಗಳು ನೀಲಿಯಾಗಿವೆ. ಇವರು ರಜೆ ಹಾಕಿ ಬಂದಿದ್ದಾರೆ. ಒಪ್ಪಿಸಿಬಿಡುತ್ತೇನೆ, ಎಂದುಕೊಂಡ. ಹಲಗೆ ತಾನೇ, ಮರ ತಾನೇ. ಬಿಟ್ಟಮೇಲೆ ಅಳು ಬಂದರೂ ಬರಬಹುದು.

"...ಆದ್ದರಿಂದ ಇದನ್ನು ನಮ್ಮ ಊರು ಸ್ವೀಕರಿಸುತ್ತದೆ," ಎಂದು ಮುಗಿಸಿ ಓಟ್ಮಾರ್ ಎರಡೂ ಕೈ ಚಾಚಿದ. ವೆಂಡೆಲಿನ್ ಹಲಗೆಯನ್ನು ಮುಂದೆ ಮಾಡಿದ. ಓಟ್ಮಾರ್ ತಲೆಯ ಕಡೆ ಹಿಡಿದ, ಅವನು ಬಾಲದ ಕಡೆ. ಪತ್ರಿಕೆಯವನು, ಹಾಗೇ ಇರಿ, ಇಲ್ಲಿ ನೋಡಿ ಎಂದ. ಇಬ್ಬರೂ ನಕ್ಕರು. ಫೋಟೋ ಆಯಿತು. ಓಟ್ಮಾರ್ ಎಳೆದ. ಹಲಗೆ ಬರಲಿಲ್ಲ.

"ಬಿಡಪ್ಪಾ," ಎಂದ ಓಟ್ಮಾರ್, ಹಲ್ಲು ಕಚ್ಚಿ ನಗುತ್ತ.

"ಇನ್ನೊಂದು ಫೋಟೋ ತೆಗೀಲಿ," ಎಂದ ವೆಂಡೆಲಿನ್.

ಪತ್ರಿಕೆಯವನು ಇನ್ನೊಂದು ತೆಗೆದ. ಓಟ್ಮಾರ್ ಕಾಲು ಅಗಲಿಸಿ ನಿಂತು ಮತ್ತೆ ಎಳೆದ. ವೆಂಡೆಲಿನ್ ತನ್ನ ಬೆರಳುಗಳನ್ನೇ ನೋಡಿದ. ಅವು ಅಂಚಿನ ಕಬ್ಬಿಣಕ್ಕೆ ಬೆಸೆದುಕೊಂಡು ಬೆಳ್ಳಗಾಗಿದ್ದವು. ಬಿಡಿ ಎಂದು ಅವನು ಅವುಗಳಿಗೆ ನಿಜವಾಗಿಯೂ ಹೇಳಿದ. ಮೂರನೆಯ ಸಲ ಇಬ್ಬರೂ ಮರ ಕೊಯ್ಯುವ ಗರಗಸದವರಂತೆ ಹಿಂದೆ ಮುಂದೆ ಆದರು. ವಾದ್ಯದವರು ಇದೂ ಕಾರ್ಯಕ್ರಮದ ಭಾಗವಿರಬೇಕೆಂದು ಡೋಲು ಬಾರಿಸತೊಡಗಿದರು. ಓಟ್ಮಾರ್‌ನ ಮುಖ ಕೆಂಪಾಗಿ, "ಸೆವೆರಿನ್, ಇಲ್ಲೊಂಚೂರು ಕೈ ಹಾಕಪ್ಪಾ," ಎಂದ. ಸೆವೆರಿನ್ ಮುಂದೆ ಬಂದ.

ಆಗ ಬುರ್ಗಿ ಸಾರಿನ ಸೌಟನ್ನು ಹಂಡೆಗೆ ಬಿಟ್ಟು ನಡುವೆ ಬಂದಳು. "ಮೇಯರಪ್ಪಾ, ನೀವೇ ಬಿಡಿ," ಎಂದಳು. "ಹದಿನಾಲ್ಕು ವರ್ಷದಿಂದ ನಾನು ಎಳೀತಿದೀನಿ. ಬಂದಿಲ್ಲ."

ಮೊದಲು ನಕ್ಕದ್ದು ಬೇಕರಿಯ ಮುದುಕಿ. ಓಟ್ಮಾರ್ ಬಿಟ್ಟೇಬಿಟ್ಟ. ಅವನು ಬಿಡುತ್ತಾನೆಂದು ನಿರೀಕ್ಷಿಸದ ವೆಂಡೆಲಿನ್ ಹಲಗೆಯನ್ನು ಎದೆಗೆ ಅಪ್ಪಿಕೊಂಡೇ ಹಿಂದಕ್ಕೆ ಹಾರಿ, ಊರೆಲ್ಲರ ಕಣ್ಣೆದುರು, ತಾತನ ಚಡ್ಡಿಯ ಹರಿದ ಕಡೆಯ ಮೇಲೆ, ಹಿಮದಲ್ಲಿ ಕುಳಿತ. "ಹಂಗಾದ್ರೆ ಕೊಂಡಿ?" ಎಂದ ಸೆವೆರಿನ್, ಕುಗ್ಗಿದ ದನಿಯಲ್ಲಿ. "ಕೊಂಡಿ ಇರ್ಲಿ ಬಿಡು," ಎಂದ ಓಟ್ಮಾರ್, ಭಾಷಣವನ್ನು ನಾಲ್ಕಾಗಿ ಮಡಚಿ ಮತ್ತೆ ಜೇಬಿಗೆ ಇಟ್ಟುಕೊಳ್ಳುತ್ತ. "ಇದು ಮುಂದಿನ ವರ್ಷಕ್ಕೂ ಆಗತ್ತೆ."

"ಸಾರು ಆಗಲ್ಲ," ಎಂದಳು ಬುರ್ಗಿ. "ಸಾರು ಈಗ್ಲೇ ಕುಡೀಬೇಕು. ಬನ್ನಿ, ಲೋಟ ಹಿಡೀರಿ."

ಜನ ಹಂಡೆಯ ಕಡೆ ನುಗ್ಗಿದರು. ಬೀಳ್ಕೊಟ್ಟರೋ ಇಲ್ಲವೋ ಎಂಬುದು ಅವರಿಗೆ ಅಷ್ಟರಲ್ಲೇ ಮರೆತುಹೋಗಿತ್ತು. ವೆಂಡೆಲಿನ್‌ಗೆ ಎದ್ದೇಳಲು ನಾಚಿಕೆಯಾಗಿತ್ತು; ಕೂತೇ ಇರಲು ಚಳಿಯಾಗಿತ್ತು. ಎಲ್ಲರಿಗೂ ಬಡಿಸಿದ ಮೇಲೆ ಬುರ್ಗಿ ಅವನಿಗೂ ಒಂದು ಲೋಟ ತಂದು ಮುಂದೆ ಹಿಡಿದಳು. ಅವನು ಲೋಟ ನೋಡಿದ, ಹಲಗೆ ನೋಡಿದ.

"ತಗೊಳ್ಳೋಕೆ ಒಂದು ಕೈನಾದ್ರೂ ಬಿಡು," ಎಂದಳು.

ಅವನು ಒಂದು ಕೈ ಬಿಟ್ಟ.